ಫಿಚಾಗೆ ನಲವತ್ತಮೂರು ಹಲ್ಲು

ಪೊಜೆಗಾ
ಮೇ 14, 2012

ನನ್ನ ಲೆಪಾ,

ನೀನು ಹೋಗಿ ಇವತ್ತಿಗೆ ಎಂಟು ದಿನ. ಇಷ್ಟು ತಡವಾಗಿ ಬರೀತಿದ್ದೀನಿ ಅಂತ ಸಿಟ್ಟಾಗಬೇಡ, ಇರೋ ಸಿಟ್ಟೇ ಸಾಕು. ಮೊದಲ ನಾಲ್ಕು ದಿನ ಫೋನ್ ಮಾಡ್ತಾನೇ ಇದ್ದೆ. ನಿನ್ನ ಅಕ್ಕ ಕೊಸಾರಾ ನನ್ನ ದನಿ ಕೇಳಿದ ಕೂಡಲೇ "ಲೆಪಾ ಮಲಗಿದಾಳೆ" ಅಂತ ಇಟ್ಟುಬಿಡ್ತಾಳೆ. ಬೆಳಿಗ್ಗೆ ಹತ್ತಕ್ಕೂ ಮಲಗಿದಾಳೆ, ಮಧ್ಯಾಹ್ನ ಎರಡಕ್ಕೂ ಮಲಗಿದಾಳೆ. ಸೊಂಬೋರಿನಲ್ಲಿ ಅಷ್ಟೊಂದು ನಿದ್ದೆ ಬರೋದಾದ್ರೆ ನನಗೂ ಒಂದಿಷ್ಟು ಕಟ್ಟಿ ಕಳಿಸು. ಇಲ್ಲಿ ಹಾಸಿಗೆಯ ನಿನ್ನ ಕಡೆ ಖಾಲಿ ಬಿದ್ದಿದೆ, ನನ್ನ ಕಡೆ ಮಲಗಿದ್ರೂ ನಿದ್ದೆ ಹತ್ತಲ್ಲ.

ನಾನು ಚೆನ್ನಾಗಿದ್ದೀನಿ. ಅಂದ್ರೆ ದಿನಾ ಬೀನ್ಸ್ ತಿಂತಿದ್ದೀನಿ. ಕೋಳಿಗಳೂ ಚೆನ್ನಾಗಿವೆ. ಪಕ್ಕದ ಮನೆ ದೆಸಾಂಕಾ ಮಾತ್ರ ಬೇಲಿ ಹತ್ರ ಬಂದಾಗೆಲ್ಲ ಮೂಗು ಮುಚ್ಕೊಂಡು, "ಇನ್ನೂ ವಾಸನೆ ಹೋಗಿಲ್ವಾ ತಿಹೋಮಿರ್?" ಅಂತ ಕೇಳ್ತಾಳೆ. ಅವಳ ಮೂಗು ಹತ್ತು ಗಜ ದೂರದಲ್ಲಿದೆ. ಕೇಳೋದಕ್ಕೆ ಒಂದು ಕಾರಣ ಬೇಕು, ಅಷ್ಟೆ.

ಈಗ ರೊಟ್ಟಿಯ ವಿಚಾರ. ತಪ್ಪು ನನ್ನದು, ಮೊದಲೇ ಒಪ್ಕೊಂಡುಬಿಡ್ತೀನಿ. ಆದ್ರೆ ನೀನು ಚೀಲ ಹಿಡ್ಕೊಂಡು ಬಸ್ಸಿಗೆ ಹೊರಟಾಗ ಆದದ್ದೇನು ಅಂತ ಹೇಳೋಕೇ ಆಗ್ಲಿಲ್ಲ. ನಮ್ಮ ಪುಟ್ಟ ಕಾರು ಫಿಚಾದ ಹಿಂದಿನ ಚಕ್ರಗಳ ನಡುವೆ, ಎಂಜಿನ್ನಿನ ಎಳೆತವನ್ನ ಚಕ್ರಕ್ಕೆ ಮುಟ್ಟಿಸೋ ಡಿಫರೆನ್ಷಿಯಲ್ ಇದೆ ಅಂತ ನಿನಗೆ ಗೊತ್ತು. ಅದರೊಳಗೆ ಒಂದು ಪುಟ್ಟ ಪಿನಿಯನ್ ಗೇರು, ಅದಕ್ಕೆ ಹಲ್ಲು ಕೊಟ್ಟು ತಿರುಗೋ ತಟ್ಟೆಯಂಥ ದೊಡ್ಡ ಕ್ರೌನ್. ನಮ್ಮದಕ್ಕೆ ಮೂವತ್ತೊಂಬತ್ತು ಹಲ್ಲು. ಹಳೇ ಕಾಲದ ಮಾಡೆಲಿಗೆ ನಲವತ್ತಮೂರು ಇರ್ತಿತ್ತು. ಹಲ್ಲು ಹೆಚ್ಚಿದಷ್ಟೂ ಓಟ ಕಮ್ಮಿ, ಎಳೆತ ಜಾಸ್ತಿ. ಆ ಹಳೇ ಜೋಡಿಯನ್ನ ಚಾಚಾಕ್ ಊರಿನ ಗುಜರಿಯಲ್ಲಿ ಹುಡುಕೋಕೆ ನನಗೆ ಎರಡು ವರ್ಷ ಹಿಡೀತು. ಸಿಕ್ಕ ದಿನ ಮನೆಗೆ ಬಂದು ನಿನ್ನನ್ನ ಎತ್ತಿ ತಿರುಗಿಸಿದೆನಲ್ಲ, ನೀನು "ಕುಡಿದಿದ್ದೀಯಾ?" ಅಂದೆಯಲ್ಲ, ಅದು ಇದಕ್ಕೇ.

ಕ್ರೌನನ್ನ ಅದರ ಜಾಗಕ್ಕೆ ಕೂರಿಸಬೇಕಾದ್ರೆ ಮೊದಲು ಕಾಯಿಸಬೇಕು. ಕಾದಾಗ ಕೂದಲೆಳೆಯಷ್ಟು ಹಿಗ್ಗಿ ತಾನಾಗೇ ಜಾರಿ ಕೂರುತ್ತೆ. ಮೂವತ್ತೆಂಟು ವರ್ಷ ಕೈಗಡಿಯಾರ ರಿಪೇರಿ ಮಾಡಿದ ಕೈ ಇದು, ಸುತ್ತಿಗೆ ಹಿಡಿಯೋಕೆ ಮನಸ್ಸು ಬರ್ಲಿಲ್ಲ. ಹಬ್ಬದ ಹಿಂದಿನ ದಿನ ಮಧ್ಯಾಹ್ನ, ನೀನು ಮೊಂಬತ್ತಿ ತರೋಕೆ ಹೋದಾಗ, ಅದನ್ನ ನಿನ್ನ ಓವನ್ನಿನ ಕೆಳಗಿನ ತಟ್ಟೆಯಲ್ಲಿಟ್ಟೆ. ಅಷ್ಟರಲ್ಲಿ ಕರೆಂಟ್ ಹೋಯ್ತು. ಸ್ವಿಚ್ ಆರಿಸಿ, ಬರಲಿ ಅಂತ ಹೊರಗೆ ಹೋದವನು ಬೇಲಿ ಹತ್ರ ಮಾತಿಗೆ ನಿಂತೆ, ಪೂರಾ ಮರೆತೆ. ಮಾರನೇ ಬೆಳಿಗ್ಗೆ ಮೇಲಿನ ತಟ್ಟೆಯಲ್ಲಿ ನೀನು ಮನೆದೇವರ ಹಬ್ಬದ ರೊಟ್ಟಿ ಇಟ್ಟೆ. ಕೆಳಗೆ ನನ್ನ ಕ್ರೌನು, ಅದರ ಹಲ್ಲು ಹಲ್ಲಿನಲ್ಲೂ ಮೂವತ್ತು ವರ್ಷದ ಗೇರ್ ಎಣ್ಣೆ.

ಪಾಪ, ಪಾದ್ರಿ ಆರ್ಸೆನಿಯೆ ದೊಡ್ಡ ಮನಸ್ಸಿನವರು. ರೊಟ್ಟಿಗೆ ವೈನ್ ಸುರಿದು, ಮೂಗಿನ ಹತ್ರ ತಂದು, ಸ್ವಲ್ಪ ಹೊತ್ತು ಕಣ್ಣು ಮುಚ್ಚಿ, "ಯಜಮಾನರೇ, ಇದಕ್ಕೇನಾದ್ರೂ ಹೊಸ ಮಸಾಲೆ ಹಾಕಿದ್ದೀರಾ?" ಅಂದ್ರು. ಆಮೇಲೆ ಪದ್ಧತಿಯಂತೆ ನಾವಿಬ್ಬರೂ ರೊಟ್ಟಿ ಹಿಡಿದು ತಿರುಗಿಸಿ, ಕೊನೆಗೆ ಮುರೀಬೇಕು. ನನ್ನ ತಲೆಯಲ್ಲಿ ಕ್ರೌನ್ ಯಾವ ಕಡೆ ತಿರುಗುತ್ತೆ ಅನ್ನೋದೇ ಓಡ್ತಿತ್ತು. ಪಾದ್ರಿಗಳು ಒಂದು ಕಡೆ ತಿರುಗಿಸಿದ್ರೆ ನಾನು ಇನ್ನೊಂದು ಕಡೆ ತಿರುಗಿಸಿದೆ. ಹದಿನೆಂಟು ಜನ ಅತಿಥಿಗಳ ಎದುರಿಗೆ ನಾವಿಬ್ಬರು ನಮ್ಮ ಮನೆದೇವರು ಸಂತ ಜಾರ್ಜರ ರೊಟ್ಟಿಯನ್ನ ಎಳೆದಾಡ್ತಾ ನಿಂತಿದ್ವಿ.

ನೀನು ನೇರ ಅಡುಗೆಮನೆಗೆ ಹೋದೆ. ಓವನ್ ತೆಗೆದೆ, ಇಕ್ಕಳದಲ್ಲಿ ಕ್ರೌನ್ ಎತ್ತಿದೆ, ಕಸೂತಿ ಬಟ್ಟೆ ಹಾಸಿದ ತಟ್ಟೆ ಮೇಲಿಟ್ಟು ನನ್ನ ಮುಂದೆ ತಂದೆ. "ಇದನ್ನ ಮುರೀರಿ ಇಬ್ಬರೂ" ಅಂದೆ. ಆಮೇಲೆ, ಚೀಲ ತುಂಬ್ಕೊಂಡು ಬಾಗಿಲಲ್ಲಿ ನಿಂತು, ಎಲ್ಲರಿಗೂ ಕೇಳೋ ಹಾಗೆ ಅಂದೆ: "ಈ ಕಾರು ನನ್ನನ್ನ ಸಮುದ್ರಕ್ಕೆ ಕರ್ಕೊಂಡು ಹೋಗ್ಲಿಲ್ಲ. ಈಗ ನನ್ನ ಹಬ್ಬದ ರೊಟ್ಟಿಯನ್ನೂ ಬಿಡ್ಲಿಲ್ಲ."

ಅಲ್ವೇ ಮಾರಾಯ್ತಿ, ಅದಕ್ಕೇ ಅಲ್ವಾ ನಾನು ಗೇರು ಬದಲಾಯಿಸ್ತಿರೋದು? ಎಪ್ಪತ್ತಮೂರರಲ್ಲಿ, ಮದುವೆಯಾದ ವಾರದಲ್ಲಿ, ನಾವು ಸಮುದ್ರ ನೋಡೋಕೆ ಹೊರಟು ಕೊಲಾಶಿನ್ ಊರಿನ ಆಚೆಯ ಬೆಟ್ಟದ ಏರಿನಲ್ಲಿ ವಾಪಸ್ ತಿರುಗಿದ್ವಿ. ಗೇರು ಎಳೀಲಿಲ್ಲ. ನೀನು ಆ ಮಾತನ್ನ ಈ ಹಬ್ಬದವರೆಗೆ ಒಂದು ದಿನವೂ ಎತ್ತಿರಲಿಲ್ಲ, ನಾನೂ ಎತ್ತಿರಲಿಲ್ಲ. ಮೂವತ್ತೊಂಬತ್ತು ವರ್ಷ ಆಯ್ತು, ಇವತ್ತಿಗೂ ನೀನು ಸಮುದ್ರ ನೋಡಿಲ್ಲ. ನಲವತ್ತಮೂರು ಹಲ್ಲು ಕೂತ ಮೇಲೆ ಈ ಕಾರು ಗೋಡೆ ಬೇಕಾದ್ರೂ ಹತ್ತುತ್ತೆ. ಈ ಬೇಸಿಗೆಯಲ್ಲಿ ನಿನ್ನನ್ನ ಕರ್ಕೊಂಡು ಹೋಗ್ತೀನಿ, ಬೇರೆ ಮಾತಿಲ್ಲ. ನೀನು ವಾಪಸ್ ಬರಬೇಕು, ಅಷ್ಟೆ.

ನಿನ್ನ,
ತಿಹೋಮಿರ್

ವಿ.ಸೂ.: ಕೊಸಾರಾಗೆ ನನ್ನ ನಮಸ್ಕಾರ ಹೇಳು. ಅವಳು ಎದ್ದಿದ್ರೆ.


ಪೊಜೆಗಾ
ಮೇ 29

ನನ್ನ ಲೆಪಾ,

ನಿನ್ನ ಕಾರ್ಡು ಬಂತು. ಹದಿನೈದು ದಿನ ಕಾದಿದ್ದಕ್ಕೆ ಒಂದು ಸಾಲು: "ಪತ್ರ ತಲುಪಿತು. ಓವನ್ ತೊಳೆದೆಯಾ?" ಇಷ್ಟಾದ್ರೂ ಬರೆದೆಯಲ್ಲ. ಗಡಿಯಾರ ರಿಪೇರಿಯ ಕನ್ನಡಕ ಹಾಕ್ಕೊಂಡು ನಾಲ್ಕು ಸಲ ಓದಿದೆ, ಇನ್ನೇನಾದ್ರೂ ಇದೆಯಾ ಅಂತ. ಇರಲಿಲ್ಲ.

ಓವನ್ ತೊಳೆದೆ. ಮೂರು ಸಲ ತೊಳೆದೆ. ಅಡುಗೆ ಸೋಡಾ ಹುಡುಕ್ತಾ ಸಕ್ಕರೆ ಡಬ್ಬದ ಹಿಂದೆ ಕೈ ಹಾಕಿದಾಗ ನಿನ್ನ ಡ್ರೈವಿಂಗ್ ಲೈಸೆನ್ಸ್ ಸಿಕ್ತು. ಹೋದ ವರ್ಷವಷ್ಟೇ ನವೀಕರಿಸಿದ್ದೀಯ. ಒಂದು ದಿನವೂ ನೀನು ಫಿಚಾದ ಸ್ಟೀರಿಂಗ್ ಹಿಡಿದಿಲ್ಲ. ಮತ್ತೆ ಇದು ಯಾಕೆ ಅಂತ ಅರ್ಥ ಆಗ್ಲಿಲ್ಲ. ಇದ್ದಲ್ಲೇ ಇಟ್ಟೆ.

ಈಗ ನಾನು ಹೇಳೋದನ್ನ ಬೇರೆ ಯಾರಾದ್ರೂ ನಿನಗೆ ಹೇಳೋ ಮೊದಲು ನಾನೇ ಹೇಳಿಬಿಡ್ತೀನಿ. ಹೇಳೋರು ಈ ಬೀದಿಯಲ್ಲಿ ಹನ್ನೊಂದು ಮನೆಯಲ್ಲಿದ್ದಾರೆ.

ಡಿಫರೆನ್ಷಿಯಲ್ ಜೋಡಿಸಿ ಮುಗಿಸಿದೆ. ಒಬ್ಬನೇ. ನಮ್ಮ ಮದುವೆಗೆ ಸಾಕ್ಷಿ ನಿಂತ ಗ್ವೋಜ್ದೆನ್ ಮೂವತ್ತು ವರ್ಷ ಗ್ಯಾರೇಜ್ ನಡೆಸಿದವನು, "ನಾನು ಬರ್ತೀನಿ ಕಣೋ, ಒಂದು ಕಣ್ಣು ಹಾಯಿಸ್ತೀನಿ" ಅಂದಿದ್ದ. ನಾನು ಬೇಡ ಅಂದೆ. ನಾನು ಅಕ್ಕಿಕಾಳಿಗಿಂತ ಚಿಕ್ಕ ಗೇರು ಕೂರಿಸಿದವನು, ತಟ್ಟೆಯಷ್ಟು ದೊಡ್ಡದನ್ನ ಕೂರಿಸೋಕೆ ಇನ್ನೊಬ್ಬನ ಕಣ್ಣು ಯಾಕೆ ಬೇಕು? ಹಲ್ಲಿಗೆ ಹಲ್ಲು ಎಷ್ಟು ಚೆನ್ನಾಗಿ ಕೂತಿತ್ತು ಅಂದ್ರೆ, ಕೈಯಲ್ಲಿ ತಿರುಗಿಸಿದ್ರೆ ಸದ್ದೇ ಇಲ್ಲ. ನೀನು ನೋಡಿದ್ರೆ ನೀನೂ ಮೆಚ್ಚುತ್ತಿದ್ದೆ.

ಭಾನುವಾರ ಚರ್ಚ್ ಬಿಟ್ಟ ಮೇಲೆ ಕಾರು ಹೊರಗೆ ತೆಗೆಯೋದು ಅಂತ ಬೀದಿಗೆಲ್ಲ ಹೇಳಿದ್ದೆ. ಎಲ್ಲ ಬಂದಿದ್ರು. ಗ್ವೋಜ್ದೆನ್ ಕುರ್ಚಿ ತಂದು ಹಾಕ್ಕೊಂಡಿದ್ದ. ನಾನು ಇಸ್ತ್ರಿ ಅಂಗಿ ಹಾಕಿ, ಶಿಲುಬೆ ಗುರುತು ಮಾಡಿ, ನಮ್ಮ ಹತ್ರ ಇರೋ ಒಂದೇ ಕೀಲಿ ತಿರುಗಿಸಿದೆ. ಇನ್ನೊಂದನ್ನ ಎಂಬತ್ತೊಂದರಲ್ಲಿ ನಾನು ಬಾವಿಗೆ ಬೀಳಿಸಿದ್ದು ನಿನಗೆ ನೆನಪಿರಬೇಕು, ವಾರಕ್ಕೊಂದು ಸಲ ನೆನಪಿಸ್ತಿದ್ದವಳು ನೀನೇ. ಎಂಜಿನ್ ಹಿಡೀತು. ಮೊದಲನೇ ಗೇರ್ ಹಾಕಿದೆ. ಎದುರಿಗೆ ಜನ, ಗತ್ತಿನಿಂದ ಕ್ಲಚ್ ಬಿಟ್ಟೆ.

ಕಾರು ಹಿಂದಕ್ಕೆ ಹೋಯ್ತು.

ನಾನು ಮುಂದೆ ನೋಡ್ತಾ ಕೈ ಬೀಸ್ತಾ ಇದ್ದೆ. ಜನರೆಲ್ಲ ಚಿಕ್ಕವರಾಗ್ತಾ ದೂರ ಹೋಗ್ತಿದ್ದಾರೆ, ಯಾಕಿರಬಹುದು ಅಂತ ಯೋಚಿಸೋಷ್ಟರಲ್ಲಿ ದೆಸಾಂಕಾಳ ಬೇಲಿ ಮುರೀತು. ಆಮೇಲೆ ಅವಳ ಬಟ್ಟೆ ಹಗ್ಗ. ಬಿಳೀ ಹಾಸಿಗೆ ಹೊದಿಕೆ ಕಾರಿಗೆ ಸುತ್ಕೊಂಡು ಫಿಚಾ ಮದುಮಗಳ ಹಾಗೆ ನಿಂತಿತು. ದೆಸಾಂಕಾ ಬಂದು ಕಿಟಕಿಯಲ್ಲಿ ಬಗ್ಗಿ, "ಸಮುದ್ರ ಈ ಕಡೆ ಅಂತ ನಿನಗೆ ಯಾರು ಹೇಳಿದ್ದು?" ಅಂದಳು.

ಗ್ವೋಜ್ದೆನ್ ಕುರ್ಚಿಯಿಂದ ಏಳಲೇ ಇಲ್ಲ. ಕೂತಲ್ಲಿಂದಲೇ ಹೇಳಿದ. "ಲೋ ತಿಹೋ, ಕ್ರೌನನ್ನ ಪಿನಿಯನ್ನಿನ ಆ ಕಡೆ ಇಡಬೇಕಿತ್ತು, ನೀನು ಈ ಕಡೆ ಇಟ್ಟಿದ್ದೀಯ. ಈಗ ನಿನ್ನ ಕಾರಿಗೆ ಹಿಂದಕ್ಕೆ ನಾಲ್ಕು ಗೇರು, ಮುಂದಕ್ಕೆ ಒಂದೇ ಒಂದು. ಇಂಥ ಕಾರು ಇಡೀ ದೇಶದಲ್ಲಿ ಇನ್ನೊಂದು ಇರಲಿಕ್ಕಿಲ್ಲ."

"ಗಡಿಯಾರದಲ್ಲಿ ಹೀಗೆ ಆಗಲ್ಲ" ಅಂದೆ.

"ಗಡಿಯಾರದೊಳಗೆ ಹೆಂಡತಿಯನ್ನ ಕೂರಿಸ್ಕೊಂಡು ಯಾರೂ ಪ್ರವಾಸ ಹೋಗಲ್ಲ" ಅಂದ.

ಅದನ್ನ ಸರಿ ಮಾಡೋಕೆ ಗ್ವೋಜ್ದೆನನ ಗ್ಯಾರೇಜಿಗೇ ತಗೊಂಡು ಹೋಗಬೇಕಾಯ್ತು. ಮುಂದಕ್ಕಿರೋ ಒಂದೇ ಗೇರಿನಲ್ಲಿ ಹೋದ್ರೆ ಎಂಜಿನ್ ಕಿರುಚಿಕೊಳ್ತಿತ್ತು. ಅದಕ್ಕೇ ಕಾರು ತಿರುಗಿಸಿ, ಕುತ್ತಿಗೆ ಹಿಂದಕ್ಕೆ ಹೊರಳಿಸಿ, ಎರಡನೇ ಗೇರಿನಲ್ಲಿ ಆರಾಮಾಗಿ ಹೊರಟೆ. ರೈಲ್ವೆ ಗೇಟ್ ಹತ್ರ ಪೊಲೀಸಿನವನು ಕೈ ಅಡ್ಡ ಹಿಡಿದ.

"ಅಜ್ಜ, ನೀವು ಹಿಂದಕ್ಕೆ ಓಡಿಸ್ತಿದ್ದೀರಿ."

"ಇಲ್ಲಪ್ಪ, ನಾನು ಎರಡನೇ ಗೇರಿನಲ್ಲಿ ಓಡಿಸ್ತಿದ್ದೀನಿ. ಬೇಕಾದ್ರೆ ನೋಡು."

ಅವನು ಬಗ್ಗಿ ಗೇರ್ ಕಡ್ಡಿ ನೋಡಿದ, ನನ್ನನ್ನ ನೋಡಿದ, ದಂಡದ ಚೀಟಿ ಪುಸ್ತಕ ತೆಗೆದ, ಮತ್ತೆ ಜೇಬಿಗೆ ಹಾಕ್ಕೊಂಡ. "ಇದನ್ನ ಏನಂತ ಬರೀಲಿ? ಹೋಗಿ ಅಜ್ಜ, ನಾನು ನಿಮ್ಮನ್ನ ನೋಡಿಲ್ಲ" ಅಂದ.

ಗ್ಯಾರೇಜಿನಲ್ಲಿ ಎಲ್ಲ ಬಿಚ್ಚಿ ಕೂತಾಗ ಗ್ವೋಜ್ದೆನ್ ಕಾರಿನಲ್ಲಿ ಮೊದಲಿದ್ದ ಕ್ರೌನನ್ನ ಬೆಳಕಿಗೆ ಹಿಡಿದು ನೋಡಿದ. ಹಲ್ಲಿಗೆ ಏನೂ ಆಗಿಲ್ಲ. ಆಮೇಲೆ ಮೆಲ್ಲಗೆ ಕೇಳಿದ. "ಒಂದು ಮಾತು. ಇಂಥದೇ ಮೂವತ್ತೊಂಬತ್ತು ಹಲ್ಲಿನ ನನ್ನ ಫಿಚಾದಲ್ಲಿ ನಾನು ಎಪ್ಪತ್ತಾರರಲ್ಲಿ ಆ ಏರು ಹತ್ತಿದ್ದೀನಿ. ನಾನು, ನನ್ನ ಹೆಂಡತಿ, ಅತ್ತೆ, ಮೇಲೆ ಕಟ್ಟಿದ ಟೆಂಟು. ನಿಮ್ಮದು ಇಬ್ಬರಿಗೇ ಯಾಕೆ ಹತ್ತಲಿಲ್ಲ?"

ಪೆಟ್ರೋಲು ಕೆಟ್ಟದಿತ್ತೇನೋ ಅಂದೆ. ಅವನು ಕೈ ಒರೆಸಿಕೊಂಡು ಕಾಫಿಗೆ ನೀರಿಟ್ಟ.

ದೆಸಾಂಕಾಳ ಬೇಲಿ ಕಟ್ಟಿಕೊಟ್ಟಿದ್ದೀನಿ. ಹೊದಿಕೆ ನಾನೇ ಒಗೆದೆ, ಆದ್ರೆ ಕೊಳೆ ಪೂರ್ತಿ ಹೋಗಿಲ್ಲ. ನೀನಿದ್ದಿದ್ರೆ ಹೋಗ್ತಿತ್ತು.

ನಿನ್ನ,
ತಿಹೋಮಿರ್

ವಿ.ಸೂ.: ಇನ್ನೊಂದು ಕಾರ್ಡು ಬರಿ. ಈ ಸಲ ಎರಡು ಸಾಲು.


ಪೊಜೆಗಾ
ಜೂನ್ 15

ನನ್ನ ಲೆಪಾ,

ನೀನು ಎರಡು ಸಾಲು ಬರೆದೆ, ದೇವರು ನಿನ್ನ ಕೈ ಚೆನ್ನಾಗಿಟ್ಟಿರಲಿ. "ನಾಲ್ಕು ಗೇರು ಹಿಂದಕ್ಕೆ ಅನ್ನೋದನ್ನ ಕೊಸಾರಾಗೆ ಓದಿ ಹೇಳಿದೆ. ನಕ್ಕು ನಕ್ಕು ಅವಳ ಕಟ್ಟಿಸಿದ ಹಲ್ಲು ಸೂಪಿಗೆ ಬಿತ್ತು." ಇದನ್ನ ಗ್ವೋಜ್ದೆನನಿಗೂ ತೋರಿಸಿದೆ. ಇಡೀ ತಿಂಗಳಲ್ಲಿ ನಾನು ಮಾಡಿದ ಒಂದೇ ಒಳ್ಳೇ ಕೆಲಸ ಅದು ಅಂತ ಅವನ ಅಭಿಪ್ರಾಯ. ನೀನು ನಕ್ಕೆಯಾ ಅಂತ ಮಾತ್ರ ಬರೆದಿಲ್ಲ. ಉತ್ತರ ಬರೆಯೋಕೆ ನಾನು ಹತ್ತು ದಿನ ತಡ ಮಾಡಿದೆ. ಸೋಮಾರಿತನ ಅಲ್ಲ. ಈ ಪತ್ರವನ್ನ ಮೂರು ಸಲ ಬರೆದು ಹರಿದೆ.

ಕಾರು ಸರಿಯಾಯ್ತು. ಮೊದಲನೇ ಗೇರಿಗೆ ಮುಂದಕ್ಕೇ ಹೋಗುತ್ತೆ. ಅರವತ್ತೈದರ ಮೇಲೆ ಓಡಲ್ಲ, ಓಡಿಸಿದ್ರೆ ಅಳುತ್ತೆ. ಈ ಊರಿನಲ್ಲಿ ಫಿಚಾ ಇಟ್ಟವರೆಲ್ಲ ಓಟ ಹೆಚ್ಚಾಗಲಿ ಅಂತ ಹಲ್ಲು ಕಮ್ಮಿ ಮಾಡಿಸ್ತಾರೆ, ನಾನೊಬ್ಬನೇ ಜಾಸ್ತಿ ಮಾಡಿಸಿದವನು. ಕಾಫಿ ಅಂಗಡಿಯಲ್ಲಿ ಒಬ್ಬ, "ತಿಹೋಮಿರ್‌ನ ಬಾಯಲ್ಲಿ ಉಳಿದಿರೋದು ಆರು, ಅದಕ್ಕೇ ಕಾರಿಗೆ ಕಟ್ಟಿಸ್ಕೊಂಡ" ಅಂದನಂತೆ. ಅನ್ನಲಿ ಬಿಡು.

ಹೋದ ಬುಧವಾರ ಪರೀಕ್ಷೆ ಮಾಡೋಣ ಅಂತ ಗ್ವೋಜ್ದೆನನ ಜೊತೆ ಯೆಲೊವಾ ಗುಡ್ಡಕ್ಕೆ ಹೋದೆ. ನಿನ್ನ ಬದಲಿಗೆ ಹಿಂದಿನ ಸೀಟಿನಲ್ಲಿ ಆಲೂಗಡ್ಡೆ ಮೂಟೆ ಇಟ್ಟಿದ್ವಿ, ತೂಕ ಸರಿಹೋಗಲಿ ಅಂತ. ಎಷ್ಟು ಮೂಟೆ ಅಂತ ನಾನು ಬರೆಯಲ್ಲ. ಗ್ವೋಜ್ದೆನ್ ಒಂದು ಹೆಚ್ಚಿಗೆ ಇಡಬೇಕು ಅಂದ, ನಾನು ಒಂದು ತೆಗೆಸಿದೆ, ಇಷ್ಟು ತಿಳಿದಿರಲಿ.

ಲೆಪಾ, ಏನು ಹತ್ತಿತು ಅಂತೀಯ. ಎರಡನೇ ಗೇರಿನಲ್ಲಿ, ಒಂದು ಸಲವೂ ಉಸಿರು ಕಟ್ಟದೆ, ತಿರುವಿನ ಮೇಲೆ ತಿರುವು. ಎದುರಿಗೆ ಇಳಿದು ಬರ್ತಿದ್ದ ಟ್ರಾಕ್ಟರಿನವನು ಟೋಪಿ ತೆಗೆದ. ನನ್ನ ಕಣ್ಣಲ್ಲಿ ನೀರು ಬಂತು, ಸುಳ್ಳು ಹೇಳಲ್ಲ.

ಮೇಲೆ ಹೋದ ಮೇಲೆ ರಸ್ತೆಯ ಎಡಗಡೆ ಕಣಿವೆ ತೆರೆದುಕೊಳ್ಳುತ್ತೆ. ತಡೆಗೋಡೆ ಇಲ್ಲ. ಅಲ್ಲಿ ನಾನು ಕಾರು ನಿಲ್ಲಿಸಿದೆ. ಗ್ವೋಜ್ದೆನ್ ಕೇಳಿದ, "ಏನಾಯ್ತು, ಬಿಸಿಯಾಯ್ತಾ?" ಇಲ್ಲ ಅಂದೆ. ನನ್ನ ಮುಖ ನೋಡಿ ಅವನು ಇಳಿದು ನನ್ನ ಕಡೆ ಬಂದು ಬಾಗಿಲು ತೆಗೆದ. ವಾಪಸ್ ಅವನೇ ಓಡಿಸಿದ. ನಾನು ಹಿಂದೆ ಆಲೂಗಡ್ಡೆ ಜೊತೆ ಕೂತು ಬಂದೆ.

ಕಾರು ತೊಳೆದು ಅಂಗಳದಲ್ಲಿ ನಿಲ್ಲಿಸಿದ್ದೀನಿ. ಎಣ್ಣೆ ಹೊಸದು, ಚಕ್ರಕ್ಕೆ ಗಾಳಿ ತುಂಬಿದೆ. ಹಿಂದಿನ ಸೀಟಿನಲ್ಲಿ ನಿನ್ನ ಹುಲ್ಲಿನ ಟೋಪಿ ಇದೆ, ಎಪ್ಪತ್ತಮೂರರಲ್ಲಿ ಕೊಂಡದ್ದು, ಅಟ್ಟದಲ್ಲಿತ್ತು. ಇಲಿ ಒಂದು ಕಡೆ ಸ್ವಲ್ಪ ತಿಂದಿದೆ, ಹಾಕ್ಕೊಂಡ್ರೆ ಕಾಣಲ್ಲ. ನಾನೇ ಸೊಂಬೋರಿಗೆ ಬಂದು ನಿನ್ನನ್ನ ಕರ್ಕೊಂಡು ಹೋಗಬೇಕು ಅಂತಿದ್ದೆ. ಈಗ ಬರೋ ಹಾಗಿಲ್ಲ. ಯಾಕೆ ಅಂತ ಕೆಳಗೆ ಬರೆದಿದ್ದೀನಿ. ಸಹಿ ಹಾಕಿದ ಮೇಲೆ ಬರೆಯೋದು ಸುಲಭ ಅನ್ನಿಸುತ್ತೆ, ಎದ್ದು ಹೋಗ್ತಾ ಬಾಗಿಲಲ್ಲಿ ಹೇಳಿದ ಹಾಗೆ.

ಸಂತ ಜಾರ್ಜ್ ನಿನ್ನನ್ನ ಕಾಪಾಡಲಿ. ನಿನ್ನ ಮಂಡಿನೋವು ಕಮ್ಮಿಯಾಗಲಿ. ಕೊಸಾರಾಳ ಹಲ್ಲು ಗಟ್ಟಿಯಾಗಿ ನಿಲ್ಲಲಿ.

ನಿನ್ನ,
ತಿಹೋಮಿರ್

ವಿ.ಸೂ.: ಗೇರು ಎಳೀತಿತ್ತು, ಲೆಪಾ. ಅವತ್ತೂ ಎಳೀತಿತ್ತು. ಆ ತಿರುವಿನಲ್ಲಿ ಕೆಳಗೆ ನದಿ ಕಾಣಿಸಿತಲ್ಲ, ದಾರದಷ್ಟು, ಅದನ್ನ ನೋಡಿ ನನ್ನ ಕಾಲು ಸತ್ತುಹೋಯ್ತು. ನಿಂತದ್ದು ಕಾರಲ್ಲ, ನಾನು. ಮದುವೆಯಾಗಿ ಐದು ದಿನ ಆಗಿತ್ತು, ನನಗೆ ಹೆದರಿಕೆ ಆಗ್ತಿದೆ ಅಂತ ಹೆಂಡತಿಗೆ ಹೇಗೆ ಹೇಳಲಿ? ಗೇರು ಎಳೀತಿಲ್ಲ ಅಂದುಬಿಟ್ಟೆ. ನೀನು ನಂಬಿದೆ. ಕಾರಿನ ಡ್ಯಾಶ್‌ಬೋರ್ಡ್ ತಟ್ಟಿ, "ಪಾಪ, ದಣಿದಿದೆ, ಇನ್ನೊಂದು ಸಲ ಬರೋಣ" ಅಂದೆ. ನೀನು ಅವತ್ತು ಬೈದಿದ್ರೆ ಎಷ್ಟೋ ಚೆನ್ನಾಗಿತ್ತು. ಸಹಕಾರ ಸಂಘದ ಟ್ರಾಕ್ಟರನ್ನ ಮದುವೆಗೆ ಮೊದಲು ಇಲ್ಲಿನ ಗುಡ್ಡಗಳ ಮೇಲೆ ಓಡಿಸ್ತಿದ್ದವಳು ನೀನು. ನಿನಗೆ ಸ್ಟೀರಿಂಗ್ ಬಿಟ್ಟುಕೊಟ್ಟಿದ್ರೆ ಸಂಜೆಗೆ ಸಮುದ್ರದಲ್ಲಿ ಕಾಲು ತೊಳೀತಿದ್ವಿ. ಬಿಟ್ಟುಕೊಡೋಕೆ ನನ್ನಿಂದ ಆಗ್ಲಿಲ್ಲ. ಆಮೇಲೂ ಆಗ್ಲಿಲ್ಲ, ಮೂವತ್ತೊಂಬತ್ತು ವರ್ಷ. ನೀನು ಮಾತ್ರ ಸಕ್ಕರೆ ಡಬ್ಬದ ಹಿಂದೆ ಆ ಲೈಸೆನ್ಸನ್ನ ಸಾಯೋಕೆ ಬಿಡಲಿಲ್ಲ.

ಅದು ಈ ಲಕೋಟೆಯಲ್ಲಿದೆ. ಅದರ ಹಿಂದೆ ಅಂಟಿಸಿರೋದು ಫಿಚಾದ ಕೀಲಿ. ಇನ್ನೊಂದು ಬಾವಿಯಲ್ಲಿದೆ, ಅದಕ್ಕೇ ನಾನು ಬರೋ ಹಾಗಿಲ್ಲ. ನೀನು ಬಸ್ಸಿನಲ್ಲಿ ಬಾ. ಇಲ್ಲಿಂದ ಮುಂದಕ್ಕೆ ನೀನು ಓಡಿಸು, ನಾನು ಪಕ್ಕದಲ್ಲಿ ಟೋಪಿ ಹಿಡ್ಕೊಂಡು ಕೂತಿರ್ತೀನಿ. ಆ ತಿರುವು ಬಂದಾಗ ಕಣ್ಣು ಮುಚ್ಕೊಳ್ತೀನಿ. ಸಮುದ್ರ ಕಂಡ ಮೇಲೆ ಹೇಳು, ತೆಗೀತೀನಿ.